ನಿದ್ರಿಸುವ ಗಾಡಿಯ ಬ್ರೇಕು

ಬಳಸಿದಂತೆಲ್ಲ ಯಂತ್ರ ಸವೆಯುತ್ತದೆ, ಬಳಸದೆ ಇಟ್ಟರೆ ಇಟ್ಟ ಹಾಗೆಯೇ ಉಳಿಯುತ್ತದೆ ಎಂಬುದು ಲೋಕದ ಸಾಮಾನ್ಯ ನಂಬಿಕೆ. ಈ ನಂಬಿಕೆ ಅರ್ಧ ಮಾತ್ರ ಸತ್ಯವೆಂಬುದನ್ನು ನಮ್ಮ ರೈತರು ಬಹು ಹಿಂದಿನಿಂದಲೂ ಬಲ್ಲರು. ದಿನವೂ ಉಳುವ ನೇಗಿಲಿನ ಗುಳ ಬೆಳ್ಳಿಯಂತೆ ಹೊಳೆಯುತ್ತದೆ. ಉಳುಮೆ ಮುಗಿದ ಮೇಲೆ ಕೊಟ್ಟಿಗೆಯ ಮೂಲೆಗೆ ಒರಗಿಸಿದ ಗುಳಕ್ಕೆ ಕೆಲವೇ ವಾರಗಳಲ್ಲಿ ಕೆಂಪು ತುಕ್ಕು ಹತ್ತುತ್ತದೆ. ದುಡಿಮೆ ಕಬ್ಬಿಣವನ್ನು ಸವೆಸುವುದು ನಿಜ. ಆದರೆ ವಿರಾಮವೂ ಅದನ್ನು ತಿನ್ನುತ್ತದೆ.

ಮೋಟಾರು ಗಾಡಿಯ ಅಂಗಗಳಲ್ಲಿ ಈ ಮಾತು ಎಲ್ಲಕ್ಕಿಂತ ಹೆಚ್ಚಾಗಿ ಅನ್ವಯಿಸುವುದು ಬ್ರೇಕಿಗೆ. ಎಂಜಿನ್ನು ಕೆಟ್ಟರೆ ಗಾಡಿ ಹೊರಡುವುದಿಲ್ಲ. ಅದರಿಂದ ಆಗುವ ನಷ್ಟ ನಮ್ಮ ಸಮಯದ್ದು ಮಾತ್ರ. ಬ್ರೇಕು ಕೆಟ್ಟರೆ ಹೊರಟ ಗಾಡಿ ನಿಲ್ಲುವುದಿಲ್ಲ. ನಿಲ್ಲದ ಗಾಡಿಯಿಂದ ಆಗುವ ನಷ್ಟವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಆದುದರಿಂದ ತಿಂಗಳುಗಟ್ಟಲೆ ನಿಂತಲ್ಲೇ ನಿಂತ ಗಾಡಿಯ ಬ್ರೇಕಿಗೆ ಏನಾಗುತ್ತದೆ, ಏಕೆ ಆಗುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ. ಇದಕ್ಕೆ ಬೇಕಾಗುವ ವಿಜ್ಞಾನವೆಲ್ಲ ಪ್ರೌಢಶಾಲೆಯ ಪುಸ್ತಕದಲ್ಲಿಯೇ ಇದೆ. ಉದಾಹರಣೆಗಾಗಿ ಉತ್ತರ ಅಮೆರಿಕದ ಮೋಟಾರು ಮನೆಗಳನ್ನು ಆರಿಸಿಕೊಂಡಿದ್ದೇವೆ. ಏಕೆಂದರೆ ವರ್ಷಕ್ಕೊಮ್ಮೆ ದೀರ್ಘ ನಿದ್ರೆ ಮಾಡುವ ಗಾಡಿಗಳಲ್ಲಿ ಅವಕ್ಕೆ ಸರಿಸಾಟಿ ಬೇರೊಂದಿಲ್ಲ.

ಚಕ್ರದ ಮೇಲಿನ ಮನೆ

ಹಾಸಿಗೆ, ಒಲೆ, ನೀರಿನ ತೊಟ್ಟಿ, ಸ್ನಾನದ ಕೋಣೆ ಎಲ್ಲವನ್ನೂ ಒಳಗೊಂಡು, ತನ್ನದೇ ಎಂಜಿನ್ನಿನಿಂದ ಓಡುವ ಗಾಡಿಗೆ ಮೋಟಾರು ಮನೆ ಎಂದು ಹೆಸರು. ಅಮೆರಿಕದ ಅಯೊವಾ ಸಂಸ್ಥಾನದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನಲ್ಲಿ 1958ರಲ್ಲಿ ಸ್ಥಾಪಿತವಾದ ವಿನಬೇಗೋ ಸಂಸ್ಥೆ 1966ರಿಂದ ಇಂಥ ಗಾಡಿಗಳನ್ನು ಕಾರ್ಖಾನೆಯಲ್ಲಿ ಸಾಲಾಗಿ ತಯಾರಿಸತೊಡಗಿದ ಮೇಲೆ ಅವು ಜನಸಾಮಾನ್ಯರಿಗೂ ಪರಿಚಿತವಾದವು. ಚಿಕ್ಕವು ನಮ್ಮ ವ್ಯಾನುಗಳಷ್ಟಿದ್ದರೆ, ದೊಡ್ಡವು ನಮ್ಮ ದೂರಪ್ರಯಾಣದ ಬಸ್ಸುಗಳಷ್ಟು ಉದ್ದವಾಗಿದ್ದು 15 ಟನ್ನಿಗೂ ಮೀರಿ ತೂಗುತ್ತವೆ.

ಬೇಸಗೆಯಲ್ಲಿ ಈ ಮನೆಗಳು ಬೆಟ್ಟ, ಕಾಡು, ಸರೋವರಗಳ ಕಡೆ ಹೊರಡುತ್ತವೆ. ಚಳಿಗಾಲದಲ್ಲಿ ಕೆಲವು ಒಡೆಯರು ಹಕ್ಕಿಗಳಂತೆ ದಕ್ಷಿಣದ ಅರಿಜೋನ, ಫ್ಲಾರಿಡಾಗಳಿಗೆ ವಲಸೆ ಹೋಗುವುದುಂಟು. ಉಳಿದವರು ಗಾಡಿಯನ್ನು ಮನೆಯ ಪಕ್ಕದಲ್ಲಿಯೋ ಬಾಡಿಗೆಯ ಅಂಗಳದಲ್ಲಿಯೋ ನಿಲ್ಲಿಸಿಬಿಡುತ್ತಾರೆ. ಮಿನೆಸೋಟ ಸಂಸ್ಥಾನದ ಮಿನಿಯಾಪೊಲಿಸ್ ನಗರದಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 9 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಂಥ ಕಡೆ ಅಕ್ಟೋಬರಿನಲ್ಲಿ ಕಣ್ಣುಮುಚ್ಚಿದ ಗಾಡಿ ಮತ್ತೆ ಎಚ್ಚರಗೊಳ್ಳುವುದು ಏಪ್ರಿಲಿನಲ್ಲಿ. ಈ ಆರು ತಿಂಗಳಲ್ಲಿ ಬ್ರೇಕಿನೊಳಗೆ ನಡೆಯುವ ಕಥೆಯೇ ನಮ್ಮ ವಿಷಯ.

ಬ್ರೇಕು ಮಾಡುವ ಕೆಲಸ

ಬ್ರೇಕು ಗಾಡಿಯನ್ನು ನಿಲ್ಲಿಸುತ್ತದೆ ಎನ್ನುತ್ತೇವೆ. ಭೌತವಿಜ್ಞಾನದ ದೃಷ್ಟಿಯಿಂದ ಹೇಳುವುದಾದರೆ, ಅದು ಗಾಡಿಯ ಚಲನಶಕ್ತಿಯನ್ನು ಘರ್ಷಣೆಯ ಮೂಲಕ ಶಾಖವನ್ನಾಗಿ ಮಾರ್ಪಡಿಸುತ್ತದೆ. 10 ಟನ್ನು ತೂಗುವ ಮೋಟಾರು ಮನೆಯೊಂದು ಗಂಟೆಗೆ 90 ಕಿಲೋಮೀಟರು, ಎಂದರೆ ಸೆಕೆಂಡಿಗೆ 25 ಮೀಟರು ವೇಗದಲ್ಲಿ ಹೋಗುತ್ತಿದೆಯೆನ್ನೋಣ. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಅದರ ಚಲನಶಕ್ತಿ 31 ಲಕ್ಷ 25 ಸಾವಿರ ಜೌಲ್ ಆಗುತ್ತದೆ. ಇಷ್ಟು ಶಕ್ತಿ 25 ಡಿಗ್ರಿಯಲ್ಲಿರುವ ಸುಮಾರು 10 ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಒಲೆಯ ಮೇಲೆ ಒಂದು ಹಂಡೆ ನೀರು ಕಾಯಲು ಎಷ್ಟು ಹೊತ್ತು ಬೇಕೆಂದು ಬಲ್ಲವರು, ಆ ಶಾಖವೆಲ್ಲ ಕೆಲವೇ ಸೆಕೆಂಡುಗಳಲ್ಲಿ ಬ್ರೇಕಿನ ಲೋಹಕ್ಕೆ ಇಳಿಯುವುದನ್ನು ಊಹಿಸಿಕೊಳ್ಳಬಹುದು.

ಸಮತಟ್ಟಾದ ನೆಲದ ಮೇಲಿನ ಲೆಕ್ಕ ಇದು. ಬೆಟ್ಟದ ಇಳಿಜಾರಿನ ಲೆಕ್ಕ ಇನ್ನೂ ಗಂಭೀರವಾದುದು. ಕೊಲರಾಡೊ ಸಂಸ್ಥಾನದಲ್ಲಿ ರಾಕಿ ಪರ್ವತಗಳನ್ನು ಕೊರೆದು ಹೋಗುವ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ ಸುಮಾರು 3,400 ಮೀಟರು ಎತ್ತರದಲ್ಲಿದೆ. ಅದರ ಪೂರ್ವಕ್ಕಿರುವ ಡೆನ್ವರ್ ನಗರದ ಎತ್ತರ ಸುಮಾರು 1,600 ಮೀಟರು. ಸುರಂಗದಿಂದ ನಗರಕ್ಕೆ ಇಳಿಯುವಷ್ಟರಲ್ಲಿ ನಮ್ಮ 10 ಟನ್ನಿನ ಗಾಡಿ ಕಳೆದುಕೊಳ್ಳುವ ಸ್ಥಾನಶಕ್ತಿ ಸುಮಾರು 17 ಕೋಟಿ 60 ಲಕ್ಷ ಜೌಲ್. ಮೇಲೆ ಹೇಳಿದ ಚಲನಶಕ್ತಿಯ 56 ಪಾಲು! ಗಾಳಿಯ ತಡೆ, ಟಯರುಗಳ ತಡೆ, ಕೆಳಗಿನ ಗೇರಿನಲ್ಲಿ ಓಡುವ ಎಂಜಿನ್ನಿನ ತಡೆ, ಇವು ಅದರಲ್ಲಿ ಬಹುಪಾಲನ್ನು ಹಂಚಿಕೊಳ್ಳದಿದ್ದರೆ ಎಲ್ಲವನ್ನೂ ಬ್ರೇಕೇ ನುಂಗಬೇಕಾಗುತ್ತದೆ. ಘಟ್ಟ ಇಳಿಯುವಾಗ ಗೇರನ್ನು ತಗ್ಗಿಸಿ ಇಳಿಯಬೇಕೆಂದು ಚಾಲಕರಿಗೆ ಕಲಿಸುವುದು ಇದಕ್ಕಾಗಿಯೇ. ಆರು ತಿಂಗಳು ಮಲಗಿದ್ದ ಬ್ರೇಕು ಎದ್ದ ಕೂಡಲೇ ಇಂಥ ಪರೀಕ್ಷೆಗೆ ಗುರಿಯಾದರೆ ಅದರ ಸಣ್ಣ ಕುಂದೂ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ.

ಕಾಲಿನ ಬಲ ಚಕ್ರಕ್ಕೆ ಮುಟ್ಟುವ ಬಗೆ

ಬ್ರೇಕಿನ ಪೆಡಲನ್ನು ತುಳಿದಾಗ ಕಾಲಿನ ಬಲ ಚಕ್ರಗಳಿಗೆ ಹೇಗೆ ಮುಟ್ಟುತ್ತದೆ? ಮಧ್ಯಮ ಗಾತ್ರದ ಗಾಡಿಗಳಲ್ಲಿ ಈ ಕೆಲಸವನ್ನು ದ್ರವ ಮಾಡುತ್ತದೆ. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಯೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ತೋರಿಸಿದನಷ್ಟೆ. ಪೆಡಲಿನ ಸನ್ನೆಯಿಂದ 1,500 ನ್ಯೂಟನ್ ಬಲ 5 ಚದರ ಸೆಂಟಿಮೀಟರಿನ ಕೊಂತದ ಮೇಲೆ ಬಿದ್ದರೆ, ಅದೇ ಒತ್ತಡ ಚಕ್ರದ ಬಳಿಯಿರುವ 20 ಚದರ ಸೆಂಟಿಮೀಟರಿನ ಕೊಂತವನ್ನು 6,000 ನ್ಯೂಟನ್ ಬಲದಿಂದ ತಳ್ಳುತ್ತದೆ. 1921ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ಕಾರು ನಾಲ್ಕು ಚಕ್ರಗಳಿಗೂ ಇಂಥ ದ್ರವಬ್ರೇಕನ್ನು ಹೊತ್ತು ಮಾರುಕಟ್ಟೆಗೆ ಬಂದಿತು.

ತೀರ ಭಾರವಾದ ಗಾಡಿಗಳಲ್ಲಿ ದ್ರವದ ಬದಲು ಒತ್ತಿದ ಗಾಳಿಯನ್ನು ಬಳಸುತ್ತಾರೆ. ಇದು ರೈಲಿನಿಂದ ಬಂದ ಬಳುವಳಿ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿಬ್ರೇಕಿಗೆ ಹಕ್ಕುಪತ್ರ ಪಡೆದನು. ಕೆಲವೇ ವರ್ಷಗಳಲ್ಲಿ ಆತ ಅದನ್ನು ತಲೆಕೆಳಗು ಮಾಡಿ, ಗಾಳಿ ಸೋರಿಹೋದರೆ ಬ್ರೇಕು ತಾನಾಗಿಯೇ ಬೀಳುವಂತೆ ರಚಿಸಿದನು. ಕೆಟ್ಟಾಗಲೂ ಕ್ಷೇಮದ ಕಡೆಗೇ ಕೆಡುವಂತೆ ಯಂತ್ರವನ್ನು ಕಟ್ಟುವ ಈ ಯೋಚನೆ ಯಂತ್ರಶಾಸ್ತ್ರದ ಉತ್ತಮ ಯೋಚನೆಗಳಲ್ಲಿ ಒಂದು. ಇಂದಿನ ಭಾರವಾಹನಗಳ ನಿಲುಗಡೆಯ ಬ್ರೇಕಿನಲ್ಲಿಯೂ ಅದೇ ತತ್ತ್ವವಿದೆ: ಬಲವಾದ ಉಕ್ಕಿನ ಸ್ಪ್ರಿಂಗು ಸದಾ ಬ್ರೇಕನ್ನು ಒತ್ತಲು ಹವಣಿಸುತ್ತಿರುತ್ತದೆ, ತೊಟ್ಟಿಯ ಗಾಳಿ ಅದನ್ನು ಹಿಂದಕ್ಕೆ ಅದುಮಿ ಹಿಡಿದಿರುತ್ತದೆ.

ಎರಡು ಬಗೆಯಲ್ಲಿಯೂ ಕೊನೆಯ ಕೆಲಸ ಒಂದೇ. ಘರ್ಷಣೆಯ ಪದಾರ್ಥದಿಂದ ಮಾಡಿದ ಲೈನಿಂಗು ಚಕ್ರದೊಡನೆ ತಿರುಗುವ ಬೀಡುಕಬ್ಬಿಣದ ಡ್ರಮ್ಮನ್ನೋ ಡಿಸ್ಕನ್ನೋ ಒತ್ತಿ ಹಿಡಿಯುತ್ತದೆ. ನಿಂತ ಗಾಡಿಯನ್ನು ಕಾಡುವ ತೊಂದರೆಗಳು ಮೂರು: ಕಬ್ಬಿಣಕ್ಕೆ ತುಕ್ಕು, ದ್ರವಕ್ಕೆ ನೀರು, ಗಾಳಿಗೆ ತೇವ. ಮೂರರ ಮೂಲವೂ ಒಂದೇ ಎಂಬುದನ್ನು ಮುಂದೆ ನೋಡೋಣ.

ಮೊದಲನೆಯ ವೈರಿ: ತುಕ್ಕು

ಬ್ರೇಕಿನ ಡ್ರಮ್ಮಿಗೆ, ಡಿಸ್ಕಿಗೆ ಬಣ್ಣ ಬಳಿಯುವಂತಿಲ್ಲ, ಎಣ್ಣೆ ಸವರುವಂತಿಲ್ಲ. ಘರ್ಷಣೆಗಾಗಿಯೇ ಹುಟ್ಟಿದ ಆ ಮೈ ಬರಿಮೈಯಾಗಿಯೇ ಇರಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 60ನ್ನು ದಾಟಿದರೆ ಬರಿಗಬ್ಬಿಣ ತುಕ್ಕು ಹಿಡಿಯುವ ವೇಗ ಬಹಳ ಹೆಚ್ಚುತ್ತದೆ. ಮಳೆ ಬೀಳಲೇಬೇಕೆಂದಿಲ್ಲ, ನೀರು ಗಾಳಿಯಿಂದಲೇ ಬರುತ್ತದೆ.

ಅದು ಬರುವ ಬಗೆ ಕುತೂಹಲಕರವಾಗಿದೆ. 20 ಡಿಗ್ರಿ ಉಷ್ಣತೆಯ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲುದು; ಸೊನ್ನೆ ಡಿಗ್ರಿಯಲ್ಲಿ ಸುಮಾರು 5 ಗ್ರಾಂ ಮಾತ್ರ. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವುದು ಈ ಕಾರಣದಿಂದಲೇ. ಈಗ ದೊಡ್ಡ ಗಾಡಿಯ ಬ್ರೇಕನ್ನು ಗಮನಿಸಿರಿ. ಒಂದೊಂದು ಡ್ರಮ್ಮೂ ಹತ್ತಾರು ಕಿಲೋ ತೂಗುವ ಕಬ್ಬಿಣದ ಮುದ್ದೆ. ರಾತ್ರಿಯ ಚಳಿಯಲ್ಲಿ ತಣ್ಣಗಾದ ಅದು ಬೆಳಗಿನ ಬಿಸಿಲಿಗೆ ಗಾಳಿಯಷ್ಟು ಬೇಗ ಬೆಚ್ಚಗಾಗುವುದಿಲ್ಲ. ಬೆಚ್ಚನೆಯ ತೇವದ ಗಾಳಿ ಈ ತಣ್ಣನೆಯ ಕಬ್ಬಿಣವನ್ನು ಸೋಕಿದಾಗ ಇಬ್ಬನಿ ಬಿಂದುವಿಗಿಂತ ಕೆಳಗಿಳಿದು ತನ್ನ ನೀರನ್ನು ಅಲ್ಲಿಯೇ ಬಿಟ್ಟುಹೋಗುತ್ತದೆ. ಆದುದರಿಂದ ತುಕ್ಕಿನ ನಿಜವಾದ ಕಾಲ ಕಡುಚಳಿಯದಲ್ಲ. ಹಗಲು ಕರಗಿ ಇರುಳು ಹೆಪ್ಪುಗಟ್ಟುವ ಶರತ್ಕಾಲ, ವಸಂತಕಾಲಗಳದು.

ಇದಕ್ಕೆ ಉಪ್ಪು ಸೇರಿದರೆ ಅನರ್ಥ ಇಮ್ಮಡಿಯಾಗುತ್ತದೆ. ಹಿಮ ಬೀಳುವ ನಾಡುಗಳಲ್ಲಿ ರಸ್ತೆಯ ಮೇಲಿನ ಮಂಜುಗಡ್ಡೆಯನ್ನು ಕರಗಿಸಲು ಅಡಿಗೆಯುಪ್ಪನ್ನು ಸುರಿಯುತ್ತಾರೆ. ಹಲವೆಡೆ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡುಗಳನ್ನೂ ಬಳಸುತ್ತಾರೆ. ಮಳೆಗಾಲದಲ್ಲಿ ನಮ್ಮ ಅಡಿಗೆಮನೆಯ ಉಪ್ಪಿನ ಭರಣಿಯಲ್ಲಿ ನೀರೊಸರುವುದನ್ನು ಎಲ್ಲರೂ ಕಂಡಿದ್ದಾರೆ. ಶುದ್ಧವಾದ ಅಡಿಗೆಯುಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75ನ್ನು ದಾಟಿದಾಗ ತಾನೇ ನೀರನ್ನು ಸೆಳೆದು ಕರಗತೊಡಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಲೋರೈಡುಗಳಿಗಂತೂ ಸುಮಾರು 33 ಸಾಕು. ಕಲ್ಲುಪ್ಪು ಬೇಗ ಒದ್ದೆಯಾಗುವುದು ಅದರಲ್ಲಿ ಬೆರೆತಿರುವ ಮೆಗ್ನೀಸಿಯಂ ಲವಣಗಳಿಂದ. ಗಾಡಿಯ ಅಡಿಯಲ್ಲಿ ಅಂಟಿಕೊಂಡ ಉಪ್ಪು, ಒಣಹವೆಯಲ್ಲಿಯೂ ಕಬ್ಬಿಣದ ಮೇಲೆ ತೇವದ ಒಂದು ಪೊರೆಯನ್ನು ಕಾಪಾಡಿಕೊಂಡು ಬರುತ್ತದೆ. ಅಷ್ಟೇ ಅಲ್ಲ, ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಸಾಗಿಸುವುದರಿಂದ ತುಕ್ಕಿನ ಮೂಲವಾದ ವಿದ್ಯುದ್ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ.

ಡಿಸ್ಕಿನ ಮೇಲ್ಮೈಯಲ್ಲಿ ರಾತ್ರೋರಾತ್ರಿ ಕಾಣಿಸಿಕೊಳ್ಳುವ ತೆಳುವಾದ ಕೆಂಪುಪುಡಿಯಿಂದ ಭಯಪಡಬೇಕಾದುದಿಲ್ಲ. ನಾಲ್ಕಾರು ಸಲ ಬ್ರೇಕು ಹಾಕಿದರೆ ಅದು ಒರಸಿಹೋಗುತ್ತದೆ. ಅಪಾಯವಿರುವುದು ಕಣ್ಣಿಗೆ ಬೀಳದ ಎಡೆಗಳಲ್ಲಿ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಾಲಿಗಿಂತಲೂ ಹೆಚ್ಚಾಗುತ್ತದೆ. ಕೈಬ್ರೇಕನ್ನು ಎಳೆದೇ ನಿಲ್ಲಿಸಿದ ಗಾಡಿಯಲ್ಲಿ ಲೈನಿಂಗು ಡ್ರಮ್ಮಿಗೆ ಒತ್ತಿಕೊಂಡಿರುತ್ತದೆ. ಅವುಗಳ ನಡುವಿನ ತೇವ ಆರುವುದಿಲ್ಲ. ಅಲ್ಲಿ ಬೆಳೆದ ತುಕ್ಕು ಲೈನಿಂಗಿನ ಸಣ್ಣ ರಂಧ್ರಗಳೊಳಕ್ಕೂ ಹೊಕ್ಕು, ಎರಡನ್ನೂ ಬೆಸೆದಂತೆ ಹಿಡಿದುಬಿಡುತ್ತದೆ. ನಮ್ಮ ಮೆಕ್ಯಾನಿಕ್ಕುಗಳು ‘ಬ್ರೇಕು ಜಾಮಾಗಿದೆ’ ಎನ್ನುವುದು ಇದನ್ನೇ. ವಸಂತದಲ್ಲಿ ಎಂಜಿನ್ನಿನ ಬಲದಿಂದ ಗಾಡಿಯನ್ನು ಎಳೆದರೆ ಲೈನಿಂಗೇ ಷೂವಿನಿಂದ ಕಿತ್ತುಬರುವುದುಂಟು.

ಡಿಸ್ಕ್ ಬ್ರೇಕಿನಲ್ಲಿ ಇನ್ನೂ ಸೂಕ್ಷ್ಮವಾದ ಒಂದು ತೊಂದರೆಯಿದೆ. ಅಲ್ಲಿ ಕೊಂತವನ್ನು ಹಿಂದಕ್ಕೆ ಎಳೆಯಲು ಪ್ರತ್ಯೇಕವಾದ ಸ್ಪ್ರಿಂಗಿಲ್ಲ. ಕೊಂತದ ಸುತ್ತ ಚೌಕಾಕಾರದ ಅಂಚುಳ್ಳ ಒಂದು ರಬ್ಬರು ಬಳೆಯಿದೆ. ಕೊಂತ ಮುಂದೆ ಸರಿದಾಗ ಬಳೆ ತುಸು ಬಾಗುತ್ತದೆ. ಪೆಡಲು ಬಿಟ್ಟಾಗ ಅದು ಮತ್ತೆ ನೆಟ್ಟಗಾಗುತ್ತ ಕೊಂತವನ್ನು ಮಿಲಿಮೀಟರಿನ ಕಿಂಚಿತ್ ಭಾಗದಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬ್ರೇಕು ಬಿಡುವುದೆಂದರೆ ಇಷ್ಟೇ! ಕೊಂತದ ಮೇಲೆ, ಅಥವಾ ಬ್ರೇಕಿನ ಚೌಕಟ್ಟು ಜಾರಾಡುವ ಕಂಬಿಗಳ ಮೇಲೆ ಸ್ವಲ್ಪ ತುಕ್ಕು ಕುಳಿತರೂ ರಬ್ಬರಿನ ಈ ಅಲ್ಪಬಲ ಸೋಲುತ್ತದೆ. ಬ್ರೇಕು ಬೀಳುತ್ತದೆ, ಆದರೆ ಬಿಡುವುದಿಲ್ಲ. ಚಾಲಕನಿಗೆ ತಿಳಿಯದಂತೆಯೇ ಗಾಡಿ ಮೈಲಿಗಟ್ಟಲೆ ಬ್ರೇಕನ್ನು ಉಜ್ಜಿಕೊಂಡು ಓಡುತ್ತದೆ. ಉಜ್ಜಿದಂತೆಲ್ಲ ಶಾಖ ಏರುತ್ತದೆ. ಆ ಶಾಖ ಎಲ್ಲಿಗೆ ಹೋಗುತ್ತದೆಂಬುದನ್ನು ತಿಳಿಯಲು ಎರಡನೆಯ ವೈರಿಯ ಪರಿಚಯ ಅಗತ್ಯ.

ಎರಡನೆಯ ವೈರಿ: ನೀರು ಕುಡಿದ ದ್ರವ

ನಾವು ‘ಬ್ರೇಕ್ ಆಯಿಲ್’ ಎಂದು ಕರೆಯುವ ವಸ್ತು ವಾಸ್ತವವಾಗಿ ಎಣ್ಣೆಯಲ್ಲ. ಬಹುಮಟ್ಟಿಗೆ ಅದು ಗ್ಲೈಕಾಲ್ ಈಥರು ಎಂಬ ವರ್ಗದ ದ್ರವ. ಎಣ್ಣೆ ನೀರಿನೊಡನೆ ಬೆರೆಯುವುದಿಲ್ಲ. ಇದಾದರೋ ನೀರನ್ನು ಕಂಡರೆ ಹೀರಿಕೊಳ್ಳುತ್ತದೆ. ರಬ್ಬರಿನ ಕೊಳವೆಗಳ ಗೋಡೆಯ ಮೂಲಕ, ದ್ರವಪಾತ್ರೆಯ ಮುಚ್ಚಳದಲ್ಲಿರುವ ಉಸಿರುಗಂಡಿಯ ಮೂಲಕ ಗಾಳಿಯ ತೇವ ನಿಧಾನವಾಗಿ ಒಳಸೇರುತ್ತದೆ. ಗಾಡಿ ಓಡಲಿ, ಓಡದಿರಲಿ, ಈ ಕೆಲಸ ನಿಲ್ಲುವುದಿಲ್ಲ.

ಪರಿಣಾಮವನ್ನು ಅಂಕಿಗಳಿಂದ ಹೇಳಬಹುದು. ಅಮೆರಿಕದ ಸರಕಾರಿ ಮಾನದಂಡದಂತೆ ‘ಡಾಟ್ 3’ ದರ್ಜೆಯ ಹೊಸ ದ್ರವ ಕನಿಷ್ಠ ಪಕ್ಷ 205 ಡಿಗ್ರಿಯವರೆಗೆ ಕುದಿಯಕೂಡದು. ಅದರಲ್ಲಿ ಸುಮಾರು ಶೇಕಡಾ 3.7 ಭಾಗ ನೀರು ಸೇರಿದ ಮೇಲೆ ಬೇಕಾದ ಕನಿಷ್ಠ ಮಟ್ಟ 140 ಡಿಗ್ರಿ. ‘ಡಾಟ್ 4’ ದರ್ಜೆಗೆ ಈ ಅಂಕಿಗಳು 230 ಮತ್ತು 155. ಎಂದರೆ ನೂರರಲ್ಲಿ ನಾಲ್ಕು ಪಾಲೂ ಅಲ್ಲದ ನೀರು ಕುದಿಬಿಂದುವನ್ನು 65ರಿಂದ 75 ಡಿಗ್ರಿಗಳಷ್ಟು ಕೆಳಗಿಳಿಸುತ್ತದೆ.

ದ್ರವ ಕುದಿದರೆ ಏನಾಗುತ್ತದೆ? ವಿದ್ಯಾರ್ಥಿಗಳು ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಸೂಜಿಯಿಲ್ಲದ ಪಿಚಕಾರಿಯಲ್ಲಿ ನೀರು ತುಂಬಿ, ಗಾಳಿಯನ್ನೆಲ್ಲ ಹೊರಡಿಸಿ, ಬಾಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಕೊಂತವನ್ನು ಒತ್ತಿರಿ; ಅದು ಕದಲುವುದಿಲ್ಲ. ಒಳಗೆ ಒಂದು ಗಾಳಿಗುಳ್ಳೆಯನ್ನು ಬಿಟ್ಟು ಮತ್ತೆ ಒತ್ತಿರಿ. ಕೊಂತ ಮೆತ್ತಗೆ ಒಳಸರಿಯುತ್ತದೆ. ದ್ರವ ಕುಗ್ಗುವುದಿಲ್ಲ, ಅನಿಲ ಕುಗ್ಗುತ್ತದೆ. ಪಾಸ್ಕಲನ ನಿಯಮದ ಉಪಯೋಗವೆಲ್ಲ ನಿಂತಿರುವುದು ಮೊದಲನೆಯ ಮಾತಿನ ಮೇಲೆ. ಬ್ರೇಕು ಹಾಕಿದಾಗ ಒಟ್ಟಿನಲ್ಲಿ ಸ್ಥಳಾಂತರವಾಗುವ ದ್ರವ ಬಹು ಸ್ವಲ್ಪ. ಆದರೆ ಒಂದು ಹನಿ ನೀರು, ಎಂದರೆ ಒಂದು ಮಿಲಿಲೀಟರಿನ ಇಪ್ಪತ್ತನೆಯ ಒಂದು ಭಾಗ, ಸಾಧಾರಣ ಒತ್ತಡದಲ್ಲಿ ಪೂರ್ತಿ ಹಬೆಯಾದರೆ 80 ಮಿಲಿಲೀಟರಿಗಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಪೆಡಲನ್ನು ತುಳಿದಿರುವಷ್ಟು ಹೊತ್ತು ಒತ್ತಡವೇ ದ್ರವವನ್ನು ಕುದಿಯಗೊಡುವುದಿಲ್ಲ. ಕಾಲು ತೆಗೆದ ಕೂಡಲೆ ಒತ್ತಡ ಇಳಿದು ಹಬೆ ಏಳುತ್ತದೆ. ಮುಂದಿನ ತಿರುವಿನಲ್ಲಿ ಮತ್ತೆ ತುಳಿದಾಗ ಪೆಡಲು ಹಬೆಯನ್ನು ಅದುಮುತ್ತ ನೆಲಕ್ಕೆ ತಾಗುತ್ತದೆ. ಬಲ ಚಕ್ರಕ್ಕೆ ಮುಟ್ಟುವುದೇ ಇಲ್ಲ. ಒಂದು ಕ್ಷಣದ ಹಿಂದೆ ಹಿಡಿದ ಬ್ರೇಕು ಈಗ ಹಿಡಿಯದು. ಇಳಿಜಾರಿನಲ್ಲಿ ನಡೆಯುವ ದುರಂತಗಳ ಭೌತವಿಜ್ಞಾನ ಇದು. ಪರ್ವತಮಾರ್ಗಗಳ ಪಕ್ಕದಲ್ಲಿ ಅಲ್ಲಲ್ಲಿ ಜಲ್ಲಿಕಲ್ಲು ತುಂಬಿದ ಏರುದಾರಿಗಳನ್ನು ಕಟ್ಟಿರುವುದು ಹೀಗೆ ಬ್ರೇಕು ಕಳೆದುಕೊಂಡ ಗಾಡಿಗಳು ನುಗ್ಗಿ ನಿಲ್ಲಲೆಂದೇ.

ಈಗ ಎರಡು ವೈರಿಗಳ ಕೂಟವನ್ನು ಓದುಗರು ಗಮನಿಸಬೇಕು. ತುಕ್ಕು ಹಿಡಿದ ಕೊಂತ ಬ್ರೇಕನ್ನು ಬಿಡದೆ ಶಾಖವನ್ನು ಹುಟ್ಟಿಸುತ್ತದೆ. ನೀರು ಕುಡಿದ ದ್ರವ ಆ ಶಾಖಕ್ಕೆ ಬೇಗನೆ ಕುದಿಯುತ್ತದೆ. ಒಂದೊಂದೇ ಇದ್ದರೆ ತಾಳಬಹುದಾದ ಕುಂದು ಎರಡೂ ಕೂಡಿದಾಗ ಪ್ರಾಣಾಂತಿಕವಾಗುತ್ತದೆ.

ನೀರನ್ನು ಹೀರದ ಸಿಲಿಕೋನ್ ದ್ರವವೂ ಉಂಟು. ‘ಡಾಟ್ 5’ ಎಂದು ಅದರ ಹೆಸರು. ಆದರೆ ಹೇಗೋ ಒಳಬಂದ ನೀರು ಅದರಲ್ಲಿ ಕರಗದೆ ತಗ್ಗಿನಲ್ಲಿ ಹನಿಯಾಗಿಯೇ ನಿಲ್ಲುತ್ತದೆ. ಚಳಿಯಲ್ಲಿ ಗಡ್ಡೆಕಟ್ಟುತ್ತದೆ, ಶಾಖದಲ್ಲಿ 100 ಡಿಗ್ರಿಗೇ ಕುದಿಯುತ್ತದೆ. ಅದನ್ನು ಗ್ಲೈಕಾಲ್ ದ್ರವದೊಡನೆ ಬೆರೆಸಲೂಬಾರದು. ಗಾಡಿಯ ತಯಾರಕರು ಹೇಳಿದ ದರ್ಜೆಯನ್ನೇ ಬಳಸುವುದು ಸರಿಯಾದ ಮಾರ್ಗ.

ಮೂರನೆಯ ವೈರಿ: ಗಾಳಿಯೊಳಗಿನ ನೀರು

ಗಾಳಿಬ್ರೇಕಿನಲ್ಲಿ ದ್ರವವಿಲ್ಲ, ಆದುದರಿಂದ ನೀರಿನ ಕಾಟವೂ ಇಲ್ಲವೆಂದು ತೋರಬಹುದು. ಲೆಕ್ಕ ಬೇರೆಯೇ ಹೇಳುತ್ತದೆ. ಈ ಗಾಡಿಗಳ ತೊಟ್ಟಿಯಲ್ಲಿ ಗಾಳಿಯ ಒತ್ತಡ ಚದರ ಅಂಗುಲಕ್ಕೆ ಸುಮಾರು 120 ಪೌಂಡು. ಎಂದರೆ ಹೊರಗಿನ 9 ಘನ ಮೀಟರು ಗಾಳಿಯನ್ನು ಒಂದು ಘನ ಮೀಟರಿಗೆ ಅದುಮಿದಂತೆ. 20 ಡಿಗ್ರಿ ಉಷ್ಣತೆ, ಶೇಕಡಾ 50 ಆರ್ದ್ರತೆ ಇರುವ ದಿನ 9 ಘನ ಮೀಟರು ಗಾಳಿಯಲ್ಲಿ ಸುಮಾರು 78 ಗ್ರಾಂ ನೀರಾವಿ ಇರುತ್ತದೆ. ಒತ್ತಿದ ಗಾಳಿ ಮತ್ತೆ 20 ಡಿಗ್ರಿಗೆ ತಣಿದಾಗ ಅದರ ಒಂದು ಘನ ಮೀಟರು ಹಿಡಿಯಬಲ್ಲುದು ಸುಮಾರು 17 ಗ್ರಾಂ ಮಾತ್ರ. ಉಳಿದ 60 ಗ್ರಾಂ ನೀರಾಗಿ ಸುರಿಯಲೇಬೇಕು. ಇದೇ ಲೆಕ್ಕದಂತೆ ಹೊರಗಿನ ಆರ್ದ್ರತೆ ಶೇಕಡಾ 11ಕ್ಕಿಂತ ಹೆಚ್ಚಿದ್ದರೆ ತೊಟ್ಟಿಯಲ್ಲಿ ನೀರು ಕೂಡುತ್ತದೆ. ಮರುಭೂಮಿಯಲ್ಲಿಯೂ ಆರ್ದ್ರತೆ ಬಹುಕಾಲ ಅದಕ್ಕಿಂತ ಮೇಲೆಯೇ ಇರುತ್ತದೆ!

ಇದಕ್ಕಾಗಿ ಗಾಳಿಯನ್ನು ತೊಟ್ಟಿಗೆ ಬಿಡುವ ಮುನ್ನ ತೇವವನ್ನು ಹೀರುವ ಹರಳುಗಳ ಡಬ್ಬಿಯೊಂದರ ಮೂಲಕ ಹಾಯಿಸುತ್ತಾರೆ. ಹರಳುಗಳು ಹಳತಾದರೆ ನೀರು ತಪ್ಪಿಸಿಕೊಂಡು ತೊಟ್ಟಿಗೆ ಇಳಿಯುತ್ತದೆ. ಅಲ್ಲಿಂದ ಕೊಳವೆ, ಕವಾಟಗಳಿಗೆ ಹರಿಯುತ್ತದೆ. ಹೆಪ್ಪುಗಟ್ಟುವ ನೀರು ಸುಮಾರು ಶೇಕಡಾ 9ರಷ್ಟು ಹಿಗ್ಗುವುದನ್ನು ನಾವು ಬಲ್ಲೆವು. ಕವಾಟದಲ್ಲಿ ಕಡಲೆಯಷ್ಟು ಮಂಜುಗಡ್ಡೆ ಕುಳಿತರೂ ಬ್ರೇಕು ಬೀಳದೆ ಹೋಗಬಹುದು, ಇಲ್ಲವೆ ಬಿದ್ದುದು ಬಿಡದೆ ಹೋಗಬಹುದು.

ಇನ್ನೊಂದು ತೊಡಕೂ ಇದೆ. ವಾರಗಳು ಕಳೆದಂತೆ ಗಾಳಿ ಸ್ವಲ್ಪ ಸ್ವಲ್ಪವಾಗಿ ಸೋರಿಹೋಗುತ್ತದೆ. ಆಗ ಸ್ಪ್ರಿಂಗು ತನ್ನ ಧರ್ಮದಂತೆ ಬ್ರೇಕನ್ನು ಒತ್ತುತ್ತದೆ. ದ್ರವಬ್ರೇಕಿನ ಗಾಡಿಯಲ್ಲಿ ನಿಲುಗಡೆಯ ಬ್ರೇಕನ್ನು ಬಿಟ್ಟು ನಿಲ್ಲಿಸಲು ಸಾಧ್ಯ. ಗಾಳಿಬ್ರೇಕಿನ ಗಾಡಿಯಲ್ಲಿ ಒಡೆಯನ ಇಷ್ಟಕ್ಕೆ ವಿರುದ್ಧವಾಗಿ ಲೈನಿಂಗು ಡ್ರಮ್ಮನ್ನು ಹಿಡಿದೇ ಚಳಿಗಾಲವನ್ನು ಕಳೆಯುತ್ತದೆ. ಈ ಸ್ಪ್ರಿಂಗನ್ನು ತಿರುಪಿನಿಂದ ಹಿಂದಕ್ಕೆಳೆದು ಕಟ್ಟಿಹಾಕುವ ಉಪಾಯವಿದೆ. ಆದರೆ ಅದರಲ್ಲಿ ಹಲವು ಸಾವಿರ ನ್ಯೂಟನ್ ಬಲ ಅಡಗಿರುವುದರಿಂದ, ತರಬೇತಿಯಿಲ್ಲದವರು ಅದಕ್ಕೆ ಕೈಹಾಕುವುದು ಜೀವಕ್ಕೆ ಅಪಾಯಕರ.

ಮಲಗಿಸುವ ಮುನ್ನ

ಮೂರು ವೈರಿಗಳೂ ನೀರಿನ ಮೂರು ವೇಷಗಳೆಂಬುದು ಈಗ ಸ್ಪಷ್ಟವಾಯಿತಷ್ಟೆ. ರೋಗ ತಿಳಿದ ಮೇಲೆ ಪಥ್ಯ ಹೇಳುವುದು ಸುಲಭ.

ಮೊದಲನೆಯದಾಗಿ, ಗಾಡಿಯ ಅಡಿಭಾಗವನ್ನೂ ಚಕ್ರಗಳ ಒಳಮೈಯನ್ನೂ ಸಿಹಿನೀರಿನಿಂದ ತೊಳೆದು ಉಪ್ಪನ್ನೂ ಕೆಸರನ್ನೂ ಕಳೆಯಬೇಕು. ತೊಳೆದ ಕೂಡಲೆ ನಿಲ್ಲಿಸಿಬಿಡುವುದು ತೊಳೆಯದಿರುವುದಕ್ಕಿಂತ ಕೆಟ್ಟದ್ದು. ಒಣಗಿದ ರಸ್ತೆಯಲ್ಲಿ ಕೆಲವು ಕಿಲೋಮೀಟರು ಓಡಿಸಿ, ಹಲವು ಸಲ ಹಿತವಾಗಿ ಬ್ರೇಕು ಹಾಕಿದರೆ ಅದರ ಸ್ವಂತ ಶಾಖವೇ ನೀರನ್ನೆಲ್ಲ ಆರಿಸುತ್ತದೆ.

ಎರಡನೆಯದಾಗಿ, ದ್ರವ ಬದಲಾಯಿಸಿ ಎರಡು ವರ್ಷವಾಗಿದ್ದರೆ, ಅಥವಾ ತಯಾರಕರು ಹೇಳಿದ ಅವಧಿ ಮುಗಿದಿದ್ದರೆ, ಅದನ್ನು ಚಳಿಗಾಲಕ್ಕೆ ಮುಂಚೆಯೇ ಬದಲಾಯಿಸಬೇಕು. ನೀರು ಕುಡಿದ ದ್ರವ ಕುದಿಬಿಂದುವನ್ನು ಇಳಿಸುವುದಲ್ಲದೆ ಒಳಗಿನ ಕೊಂತಗಳಿಗೂ ತುಕ್ಕನ್ನು ತರುತ್ತದೆ. ನಿಂತ ಗಾಡಿಯಲ್ಲಿ ಚಕ್ರದ ತುದಿಯ ದ್ರವ ಕದಲದೆ ಅಲ್ಲಿಯೇ ಉಳಿಯುವುದರಿಂದ ಈ ಕೇಡು ಹೆಚ್ಚು. ಇದೇ ಸಮಯದಲ್ಲಿ ಚೌಕಟ್ಟು ಜಾರುವ ಕಂಬಿಗಳನ್ನು ಒರಸಿ, ಅವಕ್ಕೆಂದೇ ತಯಾರಾದ ಗ್ರೀಸನ್ನು ಹಚ್ಚಿಸಬೇಕು. ಡಿಸ್ಕಿಗಾಗಲಿ ಲೈನಿಂಗಿಗಾಗಲಿ ಯಾವ ಬಗೆಯ ಎಣ್ಣೆಯನ್ನೂ ಗ್ರೀಸನ್ನೂ ಸೋಕಿಸಕೂಡದು.

ಮೂರನೆಯದಾಗಿ, ಗಾಳಿಬ್ರೇಕಿನ ಗಾಡಿಯಾದರೆ ತೊಟ್ಟಿಗಳ ತಳದ ಕವಾಟವನ್ನು ತೆರೆದು ನೀರನ್ನು ಪೂರ್ತಿಯಾಗಿ ಬಸಿಯಬೇಕು. ತೇವ ಹೀರುವ ಡಬ್ಬಿಯ ಅವಧಿ ಮುಗಿದಿದ್ದರೆ ಬದಲಾಯಿಸಬೇಕು.

ನಾಲ್ಕನೆಯದಾಗಿ, ಗಾಡಿಯನ್ನು ಸಮತಟ್ಟಾದ ಸಿಮೆಂಟು ನೆಲದ ಮೇಲೆ ನಿಲ್ಲಿಸಬೇಕು. ಮಣ್ಣು, ಹುಲ್ಲುಗಳಿಂದ ತೇವ ಸದಾ ಮೇಲೇಳುತ್ತಿರುತ್ತದೆ. ಹೊದಿಸುವ ಹೊದಿಕೆ ಉಸಿರಾಡುವ ಬಟ್ಟೆಯದಾಗಿರಲಿ. ಪ್ಲಾಸ್ಟಿಕ್ ಹಾಳೆ ಮಳೆಯನ್ನು ತಡೆದರೂ ಒಳಗಿನ ಆವಿಯನ್ನು ಬಂಧಿಸಿಡುತ್ತದೆ.

ಐದನೆಯದಾಗಿ, ಚಕ್ರಗಳ ಹಿಂದೆಯೂ ಮುಂದೆಯೂ ಗಟ್ಟಿಯಾದ ಅಡೆಗಳನ್ನು ಕೊಟ್ಟು, ಅವು ಭದ್ರವಾಗಿವೆಯೆಂದು ನೋಡಿಕೊಂಡ ಮೇಲೆ ದ್ರವಬ್ರೇಕಿನ ಗಾಡಿಯಲ್ಲಿ ನಿಲುಗಡೆಯ ಬ್ರೇಕನ್ನು ಬಿಡಬೇಕು. ಕ್ರಮ ಮುಖ್ಯ: ಮೊದಲು ಅಡೆ, ಆಮೇಲೆ ಬಿಡುಗಡೆ. ಸಮತಟ್ಟಾದ ನೆಲ ದೊರೆಯದಿದ್ದರೆ ಬ್ರೇಕನ್ನು ಬಿಡುವ ಯೋಚನೆಯನ್ನೇ ಬಿಡಬೇಕು. ಜಾಮಾದ ಬ್ರೇಕನ್ನು ಸರಿಪಡಿಸಬಹುದು, ಉರುಳಿಹೋದ ಗಾಡಿಯನ್ನು ಹಿಂದಕ್ಕೆ ತರಲಾಗದು.

ಚಳಿಗಾಲದ ನಡುವೆ ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ ನಿಲ್ಲಿಸುವುದರಿಂದ ಬ್ರೇಕಿಗೆ ಯಾವ ಲಾಭವೂ ಇಲ್ಲ. ಹಿಮವಿಲ್ಲದ ಒಣದಿನ ಸಿಕ್ಕರೆ ತಿಂಗಳಿಗೊಮ್ಮೆ ಗಾಡಿಯನ್ನು ಸ್ವಲ್ಪ ದೂರ ನಡೆಸಿ, ಕೆಲವು ಸಲ ಬ್ರೇಕು ಹಾಕಿ ತರಬಹುದು. ಉಪ್ಪು ಸುರಿದ ಒದ್ದೆ ರಸ್ತೆಗೆ ಇಳಿಸುವುದಕ್ಕಿಂತ ನಿಂತಲ್ಲಿಯೇ ಬಿಡುವುದು ಮೇಲು.

ಎಬ್ಬಿಸುವಾಗ

ವಸಂತದಲ್ಲಿ ಅಡೆಗಳನ್ನು ತೆಗೆಯುವ ಮುನ್ನವೇ ಪರೀಕ್ಷೆ ಮುಗಿಯಬೇಕು. ದ್ರವದ ಮಟ್ಟ ಇಳಿದಿದೆಯೇ, ಚಕ್ರಗಳ ಒಳಬದಿಯಲ್ಲಿ ಸೋರಿದ ಗುರುತಿದೆಯೇ, ರಬ್ಬರು ಕೊಳವೆಗಳು ಬಿರಿದಿವೆಯೇ ಎಂದು ನೋಡಬೇಕು. ಪೆಡಲನ್ನು ತುಳಿದಾಗ ಕಲ್ಲಿನಂತೆ ನಿಲ್ಲಬೇಕು. ಹತ್ತಿಯಂತೆ ಕುಗ್ಗಿದರೆ, ಅಥವಾ ಒತ್ತಿ ಹಿಡಿದಂತೆ ಮೆಲ್ಲಗೆ ಇಳಿಯುತ್ತಿದ್ದರೆ ಗಾಡಿಯನ್ನು ಕದಲಿಸಬಾರದು.

ಗಾಳಿಬ್ರೇಕಿಗೆ ಅಮೆರಿಕದ ಭಾರವಾಹನ ಚಾಲಕರ ಪರೀಕ್ಷೆಯಲ್ಲಿ ಒಂದು ಸರಳ ವಿಧಾನವಿದೆ. ತೊಟ್ಟಿಯನ್ನು ತುಂಬಿಸಿ, ಎಂಜಿನ್ನನ್ನು ನಿಲ್ಲಿಸಿ, ಅಡೆಗಳಿರುವಾಗ ಬ್ರೇಕನ್ನು ಬಿಟ್ಟು ಒಂದು ನಿಮಿಷ ಕಾಯಬೇಕು. ಒಂಟಿ ಗಾಡಿಯಲ್ಲಿ ಒತ್ತಡ ಚದರ ಅಂಗುಲಕ್ಕೆ 2 ಪೌಂಡಿಗಿಂತ ಹೆಚ್ಚು ಇಳಿಯಬಾರದು. ಪೆಡಲನ್ನು ಒತ್ತಿ ಹಿಡಿದು ಮತ್ತೊಂದು ನಿಮಿಷ ನೋಡಿದರೆ 3 ಪೌಂಡಿಗಿಂತ ಹೆಚ್ಚು ಇಳಿಯಬಾರದು.

ಬ್ರೇಕು ಹಿಡಿದುಕೊಂಡಿದ್ದರೆ ಬಲವಂತ ಮಾಡಕೂಡದು. ಹಿಂದಕ್ಕೂ ಮುಂದಕ್ಕೂ ಮೆಲ್ಲನೆ ತೂಗಿದರೆ ಹಗುರವಾದ ತುಕ್ಕು ಬಿಟ್ಟುಕೊಳ್ಳುತ್ತದೆ. ಅದಕ್ಕೂ ಬಿಡದಿದ್ದರೆ ಮೆಕ್ಯಾನಿಕ್ಕನ್ನು ಕರೆಯುವುದೇ ಸರಿ. ಗಾಡಿ ಹೊರಟ ಮೇಲೆ, ಜನಸಂಚಾರವಿಲ್ಲದ ಕಡೆ ನಡಿಗೆಯ ವೇಗದಲ್ಲಿ ಹಲವು ಸಲ ನಿಲ್ಲಿಸಿ ನೋಡಬೇಕು. ಅನಂತರ ಹತ್ತು ಹದಿನೈದು ಕಿಲೋಮೀಟರು, ಬ್ರೇಕನ್ನು ಆದಷ್ಟು ಕಡಿಮೆ ಬಳಸುತ್ತ ಓಡಿಸಿ, ಇಳಿದು ಚಕ್ರಗಳ ಉಷ್ಣತೆಯನ್ನು ಹೋಲಿಸಬೇಕು. ದೂರದಿಂದಲೇ ಉಷ್ಣತೆಯನ್ನು ತೋರಿಸುವ ಅವರಕ್ತ ಉಷ್ಣಮಾಪಕ ಇದ್ದರೆ ಉತ್ತಮ. ಬರಿಗೈಯಿಂದ ಮುಟ್ಟಿ ಸುಟ್ಟುಕೊಳ್ಳಬಾರದು. ಒಂದೇ ಅಚ್ಚಿನ ಎರಡು ಚಕ್ರಗಳಲ್ಲಿ ಒಂದು ಬೆಚ್ಚಗಿದ್ದು ಇನ್ನೊಂದು ಸುಡುತ್ತಿದ್ದರೆ, ಸುಡುವ ಚಕ್ರದಲ್ಲಿ ಬ್ರೇಕು ಬಿಡುತ್ತಿಲ್ಲವೆಂದು ಅರ್ಥ. ಶಕ್ತಿನಿತ್ಯತ್ವದ ನಿಯಮಕ್ಕಿಂತ ಪ್ರಾಮಾಣಿಕನಾದ ಮೆಕ್ಯಾನಿಕ್ಕು ಬೇರಿಲ್ಲ: ಶಾಖವಿದ್ದರೆ ಘರ್ಷಣೆ ಇದ್ದೇ ಇದೆ.

ನಮ್ಮ ನಾಡಿನ ಮಾತು

ಹಿಮವಿಲ್ಲದ ನಮ್ಮ ನಾಡಿಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ನೀರು ಮತ್ತು ಕಬ್ಬಿಣದ ಸಂಬಂಧ ಎಲ್ಲ ದೇಶಗಳಲ್ಲಿಯೂ ಒಂದೇ. 2020ರ ಮಾರ್ಚ್ 25ರಂದು ದೇಶವೆಲ್ಲ ಮನೆಯೊಳಗೆ ಕುಳಿತಾಗ ಲಕ್ಷಾಂತರ ಗಾಡಿಗಳೂ ನಿಂತಲ್ಲೇ ನಿಂತವು. ವಾರಗಳ ಮೇಲೆ ಕೈಬ್ರೇಕು ಬಿಡದೆ ತೊಂದರೆಪಟ್ಟವರು ನಮ್ಮಲ್ಲಿಯೂ ಇದ್ದರು. ಕರಾವಳಿಯಲ್ಲಂತೂ ಉಪ್ಪನ್ನು ರಸ್ತೆಗೆ ಸುರಿಯಬೇಕಾಗಿಲ್ಲ. ಕಡಲ ಗಾಳಿಯೇ ಅದನ್ನು ಹೊತ್ತು ತರುತ್ತದೆ. ಮಳೆಗಾಲದಲ್ಲಿ ಊರಿಗೆ ಹೋಗುವ ಮುನ್ನ ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಅಡೆ ಕೊಟ್ಟು, ಕೈಬ್ರೇಕನ್ನು ಬಿಟ್ಟು ಹೋಗುವುದು ಇಲ್ಲಿಯೂ ಒಳ್ಳೆಯ ಪದ್ಧತಿ. ಎರಡು ವರ್ಷಕ್ಕೊಮ್ಮೆ ಬ್ರೇಕಿನ ದ್ರವವನ್ನು ಬದಲಾಯಿಸುವ ವಾಡಿಕೆ ಚಾರ್ಮಾಡಿ, ಆಗುಂಬೆಗಳ ಘಟ್ಟ ಇಳಿಯುವವರಿಗೆ ಕೊಲರಾಡೊದವರಿಗಿಂತ ಕಡಿಮೆ ಅಗತ್ಯವಾದುದಲ್ಲ.

ಗಾಳಿಯಲ್ಲಿ ಕಾಣದಂತೆ ಅಡಗಿದ ನೀರು, ಕಬ್ಬಿಣದ ಮೇಲೆ ಇಬ್ಬನಿಯಾಗಿ, ದ್ರವದಲ್ಲಿ ಕರಗಿ, ತೊಟ್ಟಿಯಲ್ಲಿ ಹನಿಯಾಗಿ, ನಿಂತ ಗಾಡಿಯೊಳಗೆ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಅದು ನಿದ್ರಿಸುವುದಿಲ್ಲ. ಆದುದರಿಂದ ಗಾಡಿಯನ್ನು ಮಲಗಿಸುವ ಮುನ್ನ ಒಂದು ದಿನ, ಎಬ್ಬಿಸುವ ಮುನ್ನ ಒಂದು ದಿನ ಬ್ರೇಕಿಗಾಗಿ ಮೀಸಲಿಡುವವನು, ಮುಂದಿನ ಇಳಿಜಾರಿನಲ್ಲಿ ಪೆಡಲಿನ ಮೇಲೆ ನಿಶ್ಚಿಂತೆಯಿಂದ ಕಾಲಿಡಬಹುದು.